ಕೊಲೆಗಾರ ಯಾರೆಂದು ಮೊದಲೇ ಗೊತ್ತಿದ್ದರೂ ಎಲ್ಸ್‌ಬೆತ್ ಯಾಕೆ ಇಷ್ಟವಾಗುತ್ತಾಳೆ?

ಪ್ರಶ್ನೆ: ಕೆಲವು ವಾರಗಳಿಂದ ‘ಎಲ್ಸ್‌ಬೆತ್’ ಸೀರೀಸ್ ನೋಡುತ್ತಿದ್ದೇನೆ. ತುಂಬಾ ಹಿಡಿಸಿದೆ. ಆದರೆ ಕೊಲೆ ಮಾಡಿದ್ದು ಯಾರು ಅಂತ ಶುರುವಿನಲ್ಲೇ ತೋರಿಸಿಬಿಡುತ್ತಾರೆ. ನನ್ನ ಮಗ, ‘ಸಸ್ಪೆನ್ಸೇ ಇಲ್ಲದ ಪತ್ತೇದಾರಿ ಕಥೆ ಏನು ನೋಡ್ತೀಯಮ್ಮ, ಆ ಹೆಂಗಸಿನ ಬಟ್ಟೆ, ಬ್ಯಾಗು, ಹರಟೆ ಬಿಟ್ಟರೆ ಅದರಲ್ಲಿ ಇನ್ನೇನಿದೆ’ ಅಂತಾನೆ. ಏನು ಹೇಳಬೇಕೋ ಗೊತ್ತಾಗಲಿಲ್ಲ. ನನಗೆ ಇಷ್ಟವಾಗುತ್ತಿರುವುದು ಏನು? ಇನ್ನೂ ಚೆನ್ನಾಗಿ ನೋಡುವುದು ಹೇಗೆ? ಇಂಥವು ಬೇರೆ ಯಾವುವು ಇವೆ? ಇನ್ನೊಂದು ಮಾತು. ಕೊಲೆಯ ಕಥೆ ನೋಡುತ್ತಾ ನಗುತ್ತೇನಲ್ಲ, ಇದು ಸರೀನಾ ಅಂತ ಒಮ್ಮೊಮ್ಮೆ ಮುಜುಗರವಾಗುತ್ತದೆ.

ಉತ್ತರ: ನಿಮ್ಮ ಮಗ ಹೇಳಿದ್ದರಲ್ಲಿ ಒಂದು ಮಾತು ನಿಜ. ‘ಯಾರು’ ಎಂಬ ಪ್ರಶ್ನೆ ಇಲ್ಲಿಲ್ಲ. ಆದರೆ ಬಟ್ಟೆ, ಬ್ಯಾಗು, ಹರಟೆ ಬಿಟ್ಟರೆ ಏನಿದೆ ಅಂತ ಕೇಳಿದರಲ್ಲ, ಅಲ್ಲೇ ಅವರು ಎಡವಿದ್ದು. ಈ ಕಥೆಯ ಪತ್ತೇದಾರಿಕೆ ಇರುವುದೇ ಆ ಬಟ್ಟೆ, ಬ್ಯಾಗು, ಹರಟೆಯಲ್ಲಿ. ಅದನ್ನು ತೆಗೆದುಬಿಟ್ಟರೆ ಎಲ್ಸ್‌ಬೆತ್ ಒಂದು ಕೇಸನ್ನೂ ಬಿಡಿಸಲಾರಳು.

ನಾನು ಹಲವು ವರ್ಷ ಟೀವಿಗೆ ಕ್ರೈಮ್ ಕಥೆ ಬರೆದವಳು. ಈಗ ಚಿತ್ರಕಥೆ ಬರೆಯುವುದನ್ನು ಹೇಳಿಕೊಡುತ್ತೇನೆ. ಬರೆಯಲು ಶುರುಮಾಡಿದ ಕಾಲದಲ್ಲಿ ನಮ್ಮ ತಂಡ ಒಬ್ಬ ಮಹಿಳಾ ಪತ್ತೇದಾರಿಯನ್ನು ಸೃಷ್ಟಿಸಿತ್ತು. ಆಕೆ ಒಂಥರಾ ಇರಬೇಕು, ಜನ ನೆನಪಿಟ್ಟುಕೊಳ್ಳಬೇಕು ಅಂತ ನಮ್ಮ ಆಸೆ. ಸದಾ ಏನಾದರೂ ಗುನುಗುತ್ತಿರುವ ಅಭ್ಯಾಸ ಕೊಟ್ಟೆವು. ತಂಡದ ಹಿರಿಯರೊಬ್ಬರು ಸ್ಕ್ರಿಪ್ಟ್ ಓದಿ ಒಂದೇ ಪ್ರಶ್ನೆ ಕೇಳಿದರು. ‘ಈ ಗುನುಗುವುದನ್ನು ಪೂರ್ತಿ ಹೊಡೆದುಹಾಕಿದರೆ ಕಥೆಯಲ್ಲಿ ಏನು ಕೆಡುತ್ತೆ?’ ಏನೂ ಕೆಡುತ್ತಿರಲಿಲ್ಲ. ಹಾಗಾಗಿ ಅದನ್ನು ಕೈಬಿಟ್ಟು, ಓರೆಯಾಗಿರುವ ಯಾವ ವಸ್ತುವನ್ನು ಕಂಡರೂ ನೆಟ್ಟಗೆ ಮಾಡದೆ ಇರಲಾರದ ಹೆಂಗಸನ್ನಾಗಿ ಮಾಡಿದೆವು. ಸತ್ತವನ ಮನೆಗೆ ಹೋದಾಗ ಗೋಡೆಯ ಮೇಲಿನ ಫೋಟೋಗಳನ್ನು ಒಂದೊಂದಾಗಿ ಸರಿಮಾಡುತ್ತಾ ಹೋಗುತ್ತಾಳೆ. ಜೊತೆಗಿರುವ ಪೊಲೀಸರಿಗೆ ಕಿರಿಕಿರಿ. ಒಂದು ಫೋಟೋದ ಮುಂದೆ ಆಕೆಯ ಕೈ ನಿಂತುಬಿಡುತ್ತದೆ. ಅದೊಂದು ಮಾತ್ರ ಓರೆಯಾಗಿಲ್ಲ. ಅಂದರೆ ಯಾರೋ ಈಚೆಗೆ ಅದನ್ನು ತೆಗೆದು ಮತ್ತೆ ತೂಗುಹಾಕಿದ್ದಾರೆ.

ಪಾತ್ರದ ವಿಚಿತ್ರ ಸ್ವಭಾವವೇ ಆಕೆ ನೋಡುವ ಬಗೆ ಆಗಿರಬೇಕು ಅನ್ನುವುದು ನನಗೆ ಅವತ್ತು ಗೊತ್ತಾಯಿತು. ಅಂದಿನಿಂದ ಇಂಥ ಯಾವ ಸೀರೀಸ್ ನೋಡಿದರೂ ಆ ಹಿರಿಯರ ಪ್ರಶ್ನೆಯನ್ನೇ ಕೇಳಿಕೊಳ್ಳುತ್ತೇನೆ.

ಈಗ ಎಲ್ಸ್‌ಬೆತ್ ಟಾಶಿಯೋನಿಯನ್ನು ನೋಡಿ. ಆಕೆ ಪೊಲೀಸ್ ಅಲ್ಲ, ಚಿಕಾಗೋದಿಂದ ನ್ಯೂಯಾರ್ಕಿಗೆ ಬಂದ ವಕೀಲೆ. ಅಲ್ಲಿನ ಪೊಲೀಸರ ಕೆಲಸದ ಮೇಲೆ ಕಣ್ಣಿಡಲು ಕಳಿಸಲ್ಪಟ್ಟವಳು. ಬಣ್ಣಬಣ್ಣದ ಕೋಟು, ತೋಳಿನಲ್ಲಿ ಎರಡು ಮೂರು ದೊಡ್ಡ ಬ್ಯಾಗು. ದೊಡ್ಡ ಕಟ್ಟಡ ಕಂಡರೆ ಕತ್ತೆತ್ತಿ ನಿಂತುಬಿಡುತ್ತಾಳೆ. ಹೊಸ ಊರು ನೋಡಲು ಬಂದವರ ಉತ್ಸಾಹ. ಊರಿನವರು ದಿನಾ ನೋಡಿ ನೋಡಿ ನೋಡುವುದನ್ನೇ ಬಿಟ್ಟಿರುತ್ತಾರೆ, ಅಲ್ವಾ? ಆಕೆಗೆ ಎಲ್ಲವೂ ಹೊಸದು. ಹಾಗಾಗಿ ಶ್ರೀಮಂತನ ಮನೆಯ ಬಾಗಿಲ ಹಿಡಿಯನ್ನೂ, ಹೂದಾನಿಯನ್ನೂ ನಿಜವಾದ ಕುತೂಹಲದಿಂದ ನೋಡುತ್ತಾಳೆ. ಅನುಭವಿ ಡಿಟೆಕ್ಟಿವ್ ‘ಇದೆಲ್ಲ ಮಾಮೂಲು’ ಅಂತ ದಾಟಿಹೋಗುವ ಕಡೆ ಆಕೆಯ ಕಣ್ಣು ನಿಲ್ಲುತ್ತದೆ.

ಆಕೆಯ ಹರಟೆಯೂ ಅಷ್ಟೇ. ಮಾತು ಎತ್ತಲಿಂದ ಎತ್ತಲೋ ಹಾರುತ್ತದೆ. ಕೇಳುವವನಿಗೆ ಯಾವ ಪ್ರಶ್ನೆ ಮುಖ್ಯ, ಯಾವುದು ಕಾಡುಹರಟೆ ಅಂತ ತಿಳಿಯುವುದಿಲ್ಲ. ನೇರ ಪ್ರಶ್ನೆಗೆ ಉತ್ತರ ಸಿದ್ಧ ಮಾಡಿಕೊಂಡು ಕೂತಿರುವ ಕೊಲೆಗಾರ, ಹರಟೆಗೆ ಸಿದ್ಧನಾಗಿರುವುದಿಲ್ಲ. ಅಲ್ಲಿ ಬಾಯಿ ಜಾರುತ್ತದೆ.

ಈ ಪಾತ್ರ ರಾತ್ರೋರಾತ್ರಿ ಹುಟ್ಟಿದ್ದಲ್ಲ. ರಾಬರ್ಟ್ ಕಿಂಗ್ ಮತ್ತು ಮಿಶೆಲ್ ಕಿಂಗ್ ದಂಪತಿ ರೂಪಿಸಿದ ‘ದಿ ಗುಡ್ ವೈಫ್’ ಎಂಬ ಕೋರ್ಟ್ ಸೀರೀಸಿನಲ್ಲಿ 2010ರಲ್ಲಿ ಆಕೆ ಅತಿಥಿ ಪಾತ್ರವಾಗಿ ಬಂದಳು. ಎದುರಾಳಿ ವಕೀಲರು ಆಕೆಯನ್ನು ಪೆದ್ದಿ ಅಂದುಕೊಂಡು ಸೋಲುತ್ತಿದ್ದರು. ಆ ಪಾತ್ರ ಮಾಡಿದ ಕ್ಯಾರಿ ಪ್ರೆಸ್ಟನ್ ಅವರಿಗೆ 2013ರಲ್ಲಿ ಅಮೆರಿಕದ ಟೀವಿಯ ದೊಡ್ಡ ಪ್ರಶಸ್ತಿಯಾದ ಎಮ್ಮಿ ಬಂತು. ಆಕೆಯ ಹೆಸರಿನದೇ ಸೀರೀಸ್ ಶುರುವಾದದ್ದು 2024ರ ಫೆಬ್ರವರಿಯಲ್ಲಿ. ಅಂದರೆ ನಟಿಗೆ ಈ ಪಾತ್ರದೊಂದಿಗೆ ಹದಿಮೂರು ಹದಿನಾಲ್ಕು ವರ್ಷದ ಒಡನಾಟ. ಕೈ ಎತ್ತುವುದು, ತಲೆ ವಾಲಿಸುವುದು, ಮಾತಿನ ಮಧ್ಯೆ ತಟ್ಟನೆ ನಿಲ್ಲಿಸುವುದು ಎಲ್ಲ ಅಷ್ಟು ಸಹಜವಾಗಿ ಕಾಣುವುದಕ್ಕೆ ಅದೂ ಒಂದು ಕಾರಣ. ಹಳೆಯ ಸೀರೀಸ್ ನೋಡದೆಯೂ ಇದು ಪೂರ್ತಿ ಅರ್ಥವಾಗುತ್ತದೆ, ಆ ಚಿಂತೆ ಬೇಡ.

ಇನ್ನು ಸಸ್ಪೆನ್ಸಿನ ವಿಷಯ. ಕೊಲೆಯನ್ನು ಮೊದಲೇ ತೋರಿಸಿ, ಆಮೇಲೆ ಪತ್ತೇದಾರ ಅಲ್ಲಿಗೆ ಹೇಗೆ ತಲುಪುತ್ತಾನೆ ಅಂತ ಹೇಳುವ ಕ್ರಮ ಹಳೆಯದು. ಇಂಗ್ಲೆಂಡಿನ ಲೇಖಕ ಆರ್. ಆಸ್ಟಿನ್ ಫ್ರೀಮನ್ 1912ರ ತಮ್ಮ ಕಥಾಸಂಕಲನದಲ್ಲೇ ಇದನ್ನು ಮಾಡಿದ್ದರು. ಟೀವಿಯಲ್ಲಿ ಅದನ್ನು ಮನೆಮಾತಾಗಿಸಿದ್ದು ‘ಕೊಲಂಬೊ’. ರಿಚರ್ಡ್ ಲೆವಿನ್ಸನ್ ಮತ್ತು ವಿಲಿಯಂ ಲಿಂಕ್ ಸೃಷ್ಟಿಸಿದ ಪೊಲೀಸ್ ಪತ್ತೇದಾರನ ಪಾತ್ರ. 1968ರ ಒಂದು ಟೀವಿ ಸಿನಿಮಾದಲ್ಲಿ ಪೀಟರ್ ಫಾಕ್ ಮೊದಲ ಸಲ ಆ ಪಾತ್ರ ಮಾಡಿದರು. 1971ರಿಂದ ಅದು ಸೀರೀಸ್ ಆಯಿತು. ಮುದುರಿದ ರೇನ್‌ಕೋಟು, ಬಾಗಿಲವರೆಗೆ ಹೋಗಿ ತಿರುಗಿ ‘ಇನ್ನೊಂದೇ ಒಂದು ವಿಷಯ’ ಅನ್ನುವ ಅಭ್ಯಾಸ. ಎಲ್ಸ್‌ಬೆತ್ ಆತನ ಮೊಮ್ಮಗಳಿದ್ದಂತೆ.

‘ಯಾರು ಮಾಡಿದ್ದು’ ಬಗೆಯ ಕಥೆಯಲ್ಲಿ ನೀವು ಪತ್ತೇದಾರನ ಹಿಂದೆ ನಡೆಯುತ್ತೀರಿ. ಎಲ್ಲರ ಮೇಲೂ ಅನುಮಾನ, ಯಾರ ಮಾತನ್ನೂ ನಂಬುವ ಹಾಗಿಲ್ಲ. ಇಲ್ಲಿ ನೀವು ಕೊಲೆಗಾರನ ಪಕ್ಕದಲ್ಲಿ ಕೂತಿರುತ್ತೀರಿ. ಅವನಿಗೆ ಗೊತ್ತಿರುವುದೆಲ್ಲ ನಿಮಗೂ ಗೊತ್ತು. ಎಲ್ಸ್‌ಬೆತ್ ನಗುತ್ತಾ ಮೇಜಿನ ಮೇಲಿನ ವಸ್ತುವೊಂದನ್ನು ಎತ್ತಿಕೊಂಡಾಗ ನಿಮ್ಮ ಎದೆಯೂ ಡವ್ ಅನ್ನುತ್ತದೆ. ಆಕೆಗೆ ಎಷ್ಟು ಗೊತ್ತಾಗಿದೆ? ಈ ಒಂದು ಸಂಗತಿಯನ್ನು ನಿಮ್ಮಿಂದಲೂ ಮುಚ್ಚಿಟ್ಟಿರುತ್ತಾರೆ. ಸಸ್ಪೆನ್ಸ್ ಇರುವುದು ಅಲ್ಲಿ. ಕೊಲೆಗಾರ ಎಲ್ಲಿ ತಪ್ಪಿದ ಅನ್ನುವುದು ಇನ್ನೊಂದು ಪ್ರಶ್ನೆ. ಒಳ್ಳೆಯ ಎಪಿಸೋಡಿನಲ್ಲಿ ಆ ತಪ್ಪು ಮೊದಲ ಹತ್ತು ನಿಮಿಷದಲ್ಲಿ ನಿಮ್ಮ ಕಣ್ಣೆದುರೇ ನಡೆದಿರುತ್ತದೆ. ನೀವೂ ನೋಡಿರುತ್ತೀರಿ, ಕಂಡಿರುವುದಿಲ್ಲ.

ಕೊಲಂಬೊಗೂ ಎಲ್ಸ್‌ಬೆತ್‌ಗೂ ಒಂದು ದೊಡ್ಡ ವ್ಯತ್ಯಾಸ ಇದೆ. ನನಗೆ ಅದು ತುಂಬಾ ಮುಖ್ಯ. ಕೊಲಂಬೊನ ಪೆದ್ದುತನ ಎಷ್ಟು ನಿಜ, ಎಷ್ಟು ನಾಟಕ ಅನ್ನುವುದು ಯಾವತ್ತೂ ಪೂರ್ತಿ ತಿಳಿಯುವುದಿಲ್ಲ. ಎಲ್ಸ್‌ಬೆತ್ ನಾಟಕ ಆಡುವುದಿಲ್ಲ. ಕೊಲೆಗಾರನ ಮನೆ ಆಕೆಗೆ ನಿಜಕ್ಕೂ ಇಷ್ಟವಾಗುತ್ತದೆ. ಅವನ ಪ್ರತಿಭೆಗೆ ನಿಜಕ್ಕೂ ಮೆಚ್ಚುಗೆ. ಮೊದಲ ಎಪಿಸೋಡಿನ ಕೊಲೆಗಾರ ನಾಟಕ ಕಲಿಸುವ ಮೇಷ್ಟ್ರು. ಆಮೇಲೆ ಟೆನಿಸ್ ಬರುತ್ತದೆ, ರಿಯಾಲಿಟಿ ಶೋ ಬರುತ್ತದೆ. ಪ್ರತಿಯೊಂದು ಲೋಕಕ್ಕೂ ಆಕೆ ಅಭಿಮಾನಿಯ ಹಾಗೆ ಕಾಲಿಡುತ್ತಾಳೆ. ಹಾಗಾಗಿ ಸತ್ಯ ಹೊಳೆದಾಗ ಆಕೆಗೆ ಬೇಜಾರಾಗುತ್ತದೆ. ಅದನ್ನು ಗಮನಿಸಿ. ಮುಖದ ಮೇಲಿನ ನಗು ಒಂದು ಕ್ಷಣ ನಿಂತು, ಮತ್ತೆ ಬರುತ್ತದೆ. ಮತ್ತೆ ಬಂದ ನಗು ಮೊದಲಿನದಲ್ಲ. ಕ್ಯಾರಿ ಪ್ರೆಸ್ಟನ್ ಅವರ ನಟನೆಯಲ್ಲಿ ನನಗೆ ಅತಿ ಪ್ರಿಯವಾದ ಜಾಗ ಇದು. ನಾನು ಕೊನೆಯ ಬಂಧನದ ದೃಶ್ಯಕ್ಕಿಂತ ಈ ಕ್ಷಣಕ್ಕಾಗಿ ಕಾಯುತ್ತೇನೆ.

ಕೊಲೆಗಾರರು ಆಕೆಯನ್ನು ಯಾಕೆ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ? ನಿಮಗೆ ಇಷ್ಟವಾಗುತ್ತಿರುವುದರ ಬೇರು ಇಲ್ಲೇ ಇದೆ ಅಂತ ನನಗನಿಸುತ್ತದೆ. ನಡು ವಯಸ್ಸು ದಾಟಿದ, ಜಾಸ್ತಿ ಮಾತಾಡುವ, ಢಾಳು ಬಣ್ಣದ ಬಟ್ಟೆ ಹಾಕುವ ಹೆಂಗಸು ಮಾತಾಡಿದರೆ ಜನ ‘ಹೂಂ, ಹೂಂ’ ಅನ್ನುತ್ತಾರೆ, ಕೇಳಿಸಿಕೊಳ್ಳುವುದಿಲ್ಲ. ಇದು ಎಲ್ಲರ ಅನುಭವ. ಕೊಲೆಗಾರ ಸಾಮಾನ್ಯವಾಗಿ ದುಡ್ಡು, ಹೆಸರು, ಆತ್ಮವಿಶ್ವಾಸ ಮೂರೂ ಇರುವ ವ್ಯಕ್ತಿ. ಎದುರಿಗಿರುವವಳನ್ನು ಕೇಳಿಸಿಕೊಳ್ಳದೆ ಇರುವುದು ಅವನಿಗೆ ಅಭ್ಯಾಸವಾಗಿಬಿಟ್ಟಿದೆ. ಅವನು ಸೋಲುವುದು ಅದರಿಂದ.

ಅಗಾಥಾ ಕ್ರಿಸ್ಟಿ ಸೃಷ್ಟಿಸಿದ ಪತ್ತೇದಾರಿಣಿ ಮಿಸ್ ಮಾರ್ಪಲ್ ಕಾಲದಿಂದಲೂ ಇದು ಹೀಗೆಯೇ. 1927ರಲ್ಲಿ ಮೊದಲ ಸಲ ಒಂದು ಸಣ್ಣಕಥೆಯಲ್ಲಿ ಬಂದ ಆ ಅಜ್ಜಿ, ಮೂಲೆಯಲ್ಲಿ ಕೂತು ಉಲ್ಲನ್ ಹೆಣೆಯುತ್ತಿರುತ್ತಾಳೆ. ಅವಳ ಎದುರು ಯಾರೂ ದನಿ ತಗ್ಗಿಸುವುದಿಲ್ಲ. ಹೆಣಿಗೆಯ ಅಜ್ಜಿಗೆ ಏನು ತಿಳಿಯುತ್ತದೆ ಅಂತ. ಬಿಬಿಸಿಯಲ್ಲಿ 1984ರಿಂದ 1992ರವರೆಗೆ ಜೋನ್ ಹಿಕ್ಸನ್ ಈ ಪಾತ್ರ ಮಾಡಿದರು. ಶುರುಮಾಡಿದಾಗ ಅವರಿಗೆ 78 ವರ್ಷ. ಅವರ ಕಣ್ಣುಗಳನ್ನು ನೋಡಲಿಕ್ಕಾದರೂ ಆ ಸೀರೀಸ್ ನೋಡಬೇಕು. ತುಟಿ ಹವಾಮಾನದ ಬಗ್ಗೆ ಮಾತಾಡುತ್ತಿದ್ದರೆ ಕಣ್ಣು ಎದುರಿನವರನ್ನು ತೂಗುತ್ತಿರುತ್ತದೆ. ಅದೇ 1984ರಲ್ಲಿ ಅಮೆರಿಕದಲ್ಲಿ ‘ಮರ್ಡರ್, ಶಿ ರೋಟ್’ ಶುರುವಾಯಿತು. ಆಂಜೆಲಾ ಲ್ಯಾನ್ಸ್‌ಬರಿ ಮಾಡಿದ ಜೆಸ್ಸಿಕಾ ಫ್ಲೆಚರ್, ಗಂಡನನ್ನು ಕಳೆದುಕೊಂಡ ನಿವೃತ್ತ ಟೀಚರ್, ಪತ್ತೇದಾರಿ ಕಾದಂಬರಿ ಬರೆಯುವವಳು. ಹನ್ನೆರಡು ಸೀಸನ್, 264 ಎಪಿಸೋಡ್. ಹನ್ನೆರಡು ಸೀಸನ್‌ಗೂ ಲ್ಯಾನ್ಸ್‌ಬರಿ ಅವರ ಹೆಸರು ಎಮ್ಮಿ ನಾಮನಿರ್ದೇಶನದ ಪಟ್ಟಿಯಲ್ಲಿತ್ತು, ಪ್ರಶಸ್ತಿ ಒಮ್ಮೆಯೂ ಬರಲಿಲ್ಲ. ಅದು ನನಗೆ ಇವತ್ತಿಗೂ ಬೇಸರದ ಸಂಗತಿ. ಆ ಸೀರೀಸನ್ನು ಸೃಷ್ಟಿಸಿದವರಲ್ಲಿ ಕೊಲಂಬೊವನ್ನು ಸೃಷ್ಟಿಸಿದ ಅದೇ ಲೆವಿನ್ಸನ್ ಮತ್ತು ಲಿಂಕ್ ಕೂಡ ಇದ್ದರು. ಜನ ಲೆಕ್ಕಕ್ಕೆ ತೆಗೆದುಕೊಳ್ಳದ ವ್ಯಕ್ತಿಯ ಬಲ ಏನೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಹಿರಿಯರ ಆ ಪ್ರಶ್ನೆಯಲ್ಲಿ ಗೆಲ್ಲುವ ಇನ್ನೂ ಕೆಲವು ಪಾತ್ರಗಳನ್ನು ಹೇಳುತ್ತೇನೆ. ಇವನ್ನೇ ನೀವು ಮುಂದೆ ನೋಡಬಹುದು.

‘ಪೋಕರ್ ಫೇಸ್’ (2023) ನಿಮಗೆ ಮೊದಲು. ನತಾಶಾ ಲಿಯೋನ್ ಮಾಡಿರುವ ಚಾರ್ಲಿ, ಯಾರಾದರೂ ಸುಳ್ಳು ಹೇಳಿದರೆ ತಟ್ಟನೆ ಕಂಡುಹಿಡಿಯುತ್ತಾಳೆ. ಕೇಳಲು ಇದು ಎಲ್ಲ ಕೇಸನ್ನೂ ಎರಡು ನಿಮಿಷದಲ್ಲಿ ಮುಗಿಸಿಬಿಡುವ ಶಕ್ತಿಯ ಹಾಗಿದೆ. ಆದರೆ ಸುಳ್ಳು ಅಂತ ಗೊತ್ತಾದ ಮಾತ್ರಕ್ಕೆ ಸಾಕ್ಷಿ ಸಿಕ್ಕಂತಾಯಿತೇ? ಯಾಕೆ ಸುಳ್ಳು ಹೇಳಿದ, ನಿಜ ಏನು ಅನ್ನುವುದನ್ನು ಆಕೆ ತಾನೇ ಹುಡುಕಬೇಕು. ಅದೂ ತಲೆ ತಪ್ಪಿಸಿಕೊಂಡು ಊರೂರು ಅಲೆಯುತ್ತಾ, ಸಣ್ಣಪುಟ್ಟ ಕೆಲಸ ಮಾಡುತ್ತಾ. ಇಲ್ಲೂ ಕೊಲೆಯನ್ನು ಮೊದಲೇ ತೋರಿಸುತ್ತಾರೆ. ಆಮೇಲೆ ಕಥೆ ಹಿಂದಕ್ಕೆ ಹೋಗುತ್ತದೆ. ನಾವು ಆಗಲೇ ನೋಡಿದ ಘಟನೆಗಳ ಪಕ್ಕದಲ್ಲೇ ಚಾರ್ಲಿ ಇದ್ದಳು, ನಮಗೆ ಕಂಡಿರಲಿಲ್ಲ ಅಂತ ತಿಳಿಯುತ್ತದೆ. ಆ ಜೋಡಣೆ ನೋಡುವುದೇ ಒಂದು ಖುಷಿ.

ಫ್ರಾನ್ಸಿನ ‘ಎಚ್‌ಪಿಐ’ 2021ರಲ್ಲಿ ಬಂತು. ಲೀಲ್ ನಗರದ ಪೊಲೀಸ್ ಕಚೇರಿಯಲ್ಲಿ ನೆಲ ಒರೆಸುವ ಮೋರ್ಗಾನ್ ಎಂಬ ಹೆಂಗಸು. ಮೂರು ಮಕ್ಕಳ ತಾಯಿ, ಐಕ್ಯೂ 160. ರಾತ್ರಿ ಕೆಲಸ ಮಾಡುವಾಗ ತನಿಖೆಯ ಬೋರ್ಡ್ ನೋಡಿ, ತಪ್ಪಿದೆ ಅನಿಸಿ, ತಿದ್ದಿ ಹೋಗುತ್ತಾಳೆ. ಓದುವಾಗಲೇ ಗೊತ್ತಾಗುತ್ತದೆ ನೋಡಿ, ಕಸ ಗುಡಿಸುವವಳನ್ನು ಯಾರೂ ನೋಡುವುದಿಲ್ಲ ಅನ್ನುವುದರ ಮೇಲೇ ಈ ಕಥೆ ನಿಂತಿದೆ. ಆಡ್ರೆ ಫ್ಲೂರೋ ಅದ್ಭುತವಾಗಿ ಮಾಡಿದ್ದಾರೆ. ಅಮೆರಿಕದಲ್ಲಿ 2024ರಲ್ಲಿ ಇದನ್ನೇ ‘ಹೈ ಪೊಟೆನ್ಶಿಯಲ್’ ಅಂತ ಮಾಡಿದರು, ಕೈಟ್ಲಿನ್ ಓಲ್ಸನ್ ಮುಖ್ಯ ಪಾತ್ರದಲ್ಲಿ. ಎರಡರಲ್ಲಿ ಯಾವುದು ಸಿಕ್ಕರೂ ನೋಡಿ. ನನಗೆ ಫ್ರೆಂಚ್ ಮೋರ್ಗಾನ್ ಒಂದು ತೂಕ ಜಾಸ್ತಿ ಇಷ್ಟ, ಆಕೆ ಯಾರನ್ನೂ ಮೆಚ್ಚಿಸಲು ಹೋಗುವುದಿಲ್ಲ.

‘ದಿ ಬ್ರಿಡ್ಜ್’ ಹಗುರವಾದ ಸೀರೀಸ್ ಅಲ್ಲ, ಮೊದಲೇ ಹೇಳಿಬಿಡುತ್ತೇನೆ. ಡೆನ್ಮಾರ್ಕ್ ಮತ್ತು ಸ್ವೀಡನ್ ನಡುವಿನ ಸೇತುವೆಯ ಮೇಲೆ, ಸರಿಯಾಗಿ ಗಡಿಗೆರೆಯಲ್ಲಿ ಸಿಗುವ ಶವದಿಂದ ಶುರುವಾಗುತ್ತದೆ. ಸಾಗಾ ನೊರೆನ್ ಎಂಬ ಸ್ವೀಡಿಷ್ ಪೊಲೀಸ್ ಅಧಿಕಾರಿಗೆ ಸುಳ್ಳು ಹೇಳಲು ಬರುವುದಿಲ್ಲ. ಸುಮ್ನೆ ಉಭಯಕುಶಲೋಪರಿ ಆಡಲೂ ಬರುವುದಿಲ್ಲ. ಆಫೀಸಿನಲ್ಲಿ ಎಲ್ಲರೆದುರೇ ಅಂಗಿ ಬದಲಿಸುತ್ತಾಳೆ, ಅದರಲ್ಲೇನು ತಪ್ಪು ಅಂತ ಆಕೆಗೆ ಹೊಳೆಯುವುದಿಲ್ಲ. ಮೊದಲು ನಗು ಬರುತ್ತದೆ. ನಾಲ್ಕೈದು ಎಪಿಸೋಡ್ ಕಳೆದ ಮೇಲೆ, ನಾವು ಎಷ್ಟು ಸಣ್ಣ ಸುಳ್ಳುಗಳ ಮೇಲೆ ದಿನ ದೂಡುತ್ತೇವೆ ಅಂತ ಆಕೆಯ ಮೂಲಕ ಕಾಣತೊಡಗುತ್ತದೆ. ಸೋಫಿಯಾ ಹೆಲಿನ್ 2011ರಿಂದ 2018ರವರೆಗೆ ನಾಲ್ಕು ಸೀಸನ್ ಈ ಪಾತ್ರವನ್ನು ಹೊತ್ತರು. ಆಕೆಯ ಸ್ವಭಾವಕ್ಕೆ ಯಾವ ಕಾಯಿಲೆಯ ಹೆಸರನ್ನೂ ಸೀರೀಸ್ ಹಚ್ಚುವುದಿಲ್ಲ. ಅದು ಒಳ್ಳೆಯ ನಿರ್ಧಾರ. ಹೆಸರು ಹಚ್ಚಿದ್ದರೆ ನಾವು ಆಕೆಯನ್ನು ನೋಡುವುದನ್ನು ಬಿಟ್ಟು ಹೆಸರನ್ನು ನೋಡುತ್ತಿದ್ದೆವು.

‘ವೆರಾ’ ಬಗ್ಗೆ ಒಂದೇ ಮಾತು. ಹಳೆ ಟೋಪಿ, ಮಾಸಿದ ರೇನ್‌ಕೋಟು ಹಾಕಿದ ಪೊಲೀಸ್ ಅಧಿಕಾರಿ, ಆ ಪಾತ್ರದಲ್ಲಿ ಬ್ರೆಂಡಾ ಬ್ಲೆಥಿನ್. 2011ರಿಂದ 2025ರವರೆಗೆ ಹದಿನಾಲ್ಕು ಸೀಸನ್ ನಡೆದ ಈ ಸೀರೀಸಿನ ಹೆಂಗಸು ಒಂಥರಾ ಆಗಿರುವುದು ಒಂಟಿಯಾಗಿ ಬದುಕಿ ಬದುಕಿ. ಮಳೆ ಬರುವ ಸಂಜೆಗೆ ಇಟ್ಟುಕೊಳ್ಳಿ.

ಒಂದು ತಕರಾರೂ ಇದೆ, ಅದನ್ನು ಬಚ್ಚಿಡುವುದಿಲ್ಲ. ಹೆಂಗಸು ಬುದ್ಧಿವಂತೆ ಅಂತ ತೋರಿಸಬೇಕಾದರೆ ಆಕೆ ಸ್ವಲ್ಪ ತಿಕ್ಕಲು ಇರಲೇಬೇಕಾ? ಗಂಡು ಪೊಲೀಸ್ ಮಾಮೂಲಿಯಾಗಿಯೇ ಇದ್ದು ಕೇಸ್ ಬಿಡಿಸಬಹುದು, ಹೆಣ್ಣಿಗೆ ಮಾತ್ರ ಏನಾದರೂ ವಿಚಿತ್ರ ಅಂಟಿಸಬೇಕು ಅನ್ನುವ ಬರಹಗಾರರನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಅದು ಸೋಮಾರಿತನ. 1991ರಲ್ಲಿ ‘ಪ್ರೈಮ್ ಸಸ್ಪೆಕ್ಟ್’ನಲ್ಲಿ ಹೆಲೆನ್ ಮಿರೆನ್ ಮಾಡಿದ ಜೇನ್ ಟೆನಿಸನ್‌ಗೆ ಯಾವ ತಿಕ್ಕಲೂ ಇರಲಿಲ್ಲ. ಕೆಲಸ ಬಲ್ಲ ಅಧಿಕಾರಿ, ಸುತ್ತ ಆಕೆಯನ್ನು ಒಪ್ಪದ ಗಂಡಸರು. ಅಷ್ಟೇ ಸಾಕಾಗಿತ್ತು. ಹಾಗಾಗಿ ಯಾವುದೋ ಹೊಸ ಸೀರೀಸಿನಲ್ಲಿ ಪತ್ತೇದಾರಿಣಿ ಬಣ್ಣದ ಕನ್ನಡಕ ಹಾಕಿ, ಬೆಕ್ಕಿನ ಜೊತೆ ಮಾತಾಡಿ, ಆಮೇಲೆ ಎಲ್ಲರಂತೆ ಸಿಸಿಟಿವಿ ನೋಡಿ ಕೇಸ್ ಮುಗಿಸಿದರೆ, ಹಿಂದೆಮುಂದೆ ನೋಡದೆ ಬಿಟ್ಟುಬಿಡಿ. ಕನ್ನಡಕ, ಬೆಕ್ಕು ತೆಗೆದರೆ ಅಲ್ಲಿ ಏನೂ ಕೆಡುವುದಿಲ್ಲ.

ಚೆನ್ನಾಗಿ ನೋಡುವುದು ಹೇಗೆ ಅಂತ ಕೇಳಿದ್ದೀರಿ. ಮೊದಲ ಹತ್ತು ನಿಮಿಷ ಫೋನ್ ಮುಟ್ಟಬೇಡಿ, ಎದ್ದು ಹೋಗಬೇಡಿ. ಕೊಲೆ ಆಗುವ ಹೊತ್ತಿಗಿಂತ ಆದ ಮೇಲಿನ ಒಂದೆರಡು ನಿಮಿಷ ಮುಖ್ಯ. ಕೊಲೆಗಾರ ಗಾಬರಿಯಲ್ಲಿ ಏನೇನೋ ಸರಿಮಾಡುತ್ತಾನೆ. ಯಾವುದನ್ನು ಮುಟ್ಟಿದ, ಎಲ್ಲಿಂದ ಎಲ್ಲಿಗೆ ಸರಿಸಿದ, ಏನನ್ನು ಜೇಬಿಗೆ ಹಾಕಿಕೊಂಡ? ಕ್ಯಾಮೆರಾ ಬೇಕಿಲ್ಲದ ವಸ್ತುವಿನ ಮೇಲೆ ಅರೆಕ್ಷಣ ಜಾಸ್ತಿ ನಿಂತರೆ ನೆನಪಿಡಿ. ಆಮೇಲೆ ವಿಚಾರಣೆಯಲ್ಲಿ ಅವನು ಕೇಳದೆ ಇರುವ ಪ್ರಶ್ನೆಗೆ ಉತ್ತರ ಕೊಡುವುದನ್ನು ಹಿಡಿಯಿರಿ. ತಪ್ಪಿಲ್ಲದವರು ‘ಗೊತ್ತಿಲ್ಲ’ ಅಂದು ಸುಮ್ಮನಾಗುತ್ತಾರೆ. ತಪ್ಪಿತಸ್ಥರು ವಿವರಿಸುತ್ತಾರೆ. ನಿಜ ಜೀವನದಲ್ಲಿ ಇದು ನಡೆಯುತ್ತದೆ ಅಂತ ಹೇಳಲಾರೆ. ಆದರೆ ಈ ಬಗೆಯ ಚಿತ್ರಕಥೆ ಬರೆಯುವಾಗ ನಾವು ಬೇಕೆಂದೇ ಹಾಗೆ ಬರೆಯುತ್ತೇವೆ.

ಒಂದೇ ರಾತ್ರಿ ಐದಾರು ಎಪಿಸೋಡ್ ನೋಡಬೇಡಿ. ಈ ಕಥೆಗಳ ಚೌಕಟ್ಟು ಒಂದೇ. ಸಾಲಾಗಿ ನೋಡಿದರೆ ಚೌಕಟ್ಟು ಮಾತ್ರ ಕಾಣುತ್ತದೆ, ಒಳಗಿನ ಚಿತ್ರ ಮಸುಕಾಗುತ್ತದೆ. ಇವುಗಳನ್ನು ವಾರಕ್ಕೊಂದರಂತೆ ನೋಡಲೆಂದೇ ಬರೆದಿರುತ್ತಾರೆ. ಮೊದಲ ಸೀಸನ್ ಇರುವುದೇ ಹತ್ತು ಎಪಿಸೋಡ್, ನಿಧಾನವಾಗಿ ಮುಗಿಸಿ. ಎಪಿಸೋಡ್ ಮುಗಿದ ಕೂಡಲೇ ಮೊದಲ ಹತ್ತು ನಿಮಿಷ ಮತ್ತೊಮ್ಮೆ ಹಾಕಿ ನೋಡಿ. ಹೆಚ್ಚಿನವರು ಇದನ್ನು ಮಾಡುವುದಿಲ್ಲ. ಆಗಲೇ ನೋಡಿದ ದೃಶ್ಯದಲ್ಲಿ ಸುಳಿವು ಎದ್ದು ಕಾಣುವಾಗ ಆಗುವ ಸಂತೋಷ ಬೇರೆ. ಆ ಬೆಳಕು, ಆ ವಸ್ತು ಇಟ್ಟ ಜಾಗ, ಎಲ್ಲದರ ಹಿಂದೆ ಎಷ್ಟು ಜನ ಕೂತು ಯೋಚಿಸಿದ್ದಾರೆ ಅಂತ ತಿಳಿಯುತ್ತದೆ.

ಕಡೆಯದಾಗಿ ನಿಮ್ಮ ಮುಜುಗರ. ಅದು ಇರುವುದು ಒಳ್ಳೆಯದು. ನಾನು ಬರೆಯುವಾಗಲೂ ಅದು ನನ್ನ ಜೊತೆ ಇರುತ್ತಿತ್ತು. ನಾನು ಒಂದನ್ನು ನೋಡುತ್ತೇನೆ. ಸತ್ತವರಿಗೆ ಕಥೆ ಎಷ್ಟು ಹೊತ್ತು ಕೊಡುತ್ತದೆ? ಸಾಯುವ ಮೊದಲು ಅವರಿಗೆ ಒಂದು ಆಸೆ, ಒಂದು ಹಟ, ಕಾಯುವ ಒಬ್ಬ ಗೆಳೆಯ ಇದ್ದರಾ? ಪತ್ತೇದಾರಿಣಿ ಅವರ ಹೆಸರು ಹಿಡಿದು ಮಾತಾಡುತ್ತಾಳಾ, ‘ಶವ’ ಅನ್ನುತ್ತಾಳಾ? ಎಲ್ಸ್‌ಬೆತ್ ಕೊಲೆಯಾದವರ ಬಗ್ಗೆ, ಅವರು ಹೇಗಿದ್ದರು, ಏನು ಇಷ್ಟಪಡುತ್ತಿದ್ದರು ಅಂತ ಕೇಳುತ್ತಾ ಹೋಗುತ್ತಾಳೆ. ಎಷ್ಟೋ ಸಲ ಸುಳಿವು ಸಿಗುವುದೂ ಆ ಪ್ರಶ್ನೆಗಳಿಂದಲೇ. ನೀವು ನಗುತ್ತಿರುವುದು ಕೊಲೆಗಾರನ ಜಂಬ ಕಂಡು, ಆಕೆಯ ಉತ್ಸಾಹ ಕಂಡು. ಸಾವು ಕಂಡು ನಕ್ಕಿಲ್ಲ. ಸಾವನ್ನೇ ತಮಾಷೆ ಮಾಡುವ ಎಪಿಸೋಡ್ ಬಂದರೆ ನಿಮಗೇ ಇರಿಸುಮುರಿಸಾಗುತ್ತದೆ. ಆಗ ಟೀವಿ ಆರಿಸಿ.

ಮಗನಿಗೆ ವಾದ ಮಾಡಿ ಹೇಳಬೇಡಿ, ಪಕ್ಕದಲ್ಲಿ ಕೂರಿಸಿಕೊಳ್ಳಿ. ಎರಡನೇ ಸೀಸನ್ನಿನ ಮೊದಲ ಎಪಿಸೋಡ್ ಹಾಕಿ. ಅದರಲ್ಲಿ ನೇಥನ್ ಲೇನ್ ಒಬ್ಬ ಒಪೆರಾ ಪ್ರೇಮಿ. ಪ್ರದರ್ಶನದ ಮಧ್ಯೆ ಗಲಾಟೆ ಮಾಡುವ ಪ್ರೇಕ್ಷಕನನ್ನು ಸಹಿಸಲಾರದೆ ಕೊಲೆ ಮಾಡುತ್ತಾನೆ. ಇದನ್ನು ಹೇಳಿದ್ದರಿಂದ ನಿಮ್ಮ ಖುಷಿ ಏನೂ ಹಾಳಾಗಿಲ್ಲ, ಎಪಿಸೋಡೇ ಇದನ್ನು ಮೊದಲು ಹೇಳಿಬಿಡುತ್ತದೆ. ಅರ್ಧ ಗಂಟೆ ಆದಾಗ ನಿಲ್ಲಿಸಿ. ಇಬ್ಬರೂ ಒಂದೊಂದು ಚೀಟಿಯಲ್ಲಿ ಆತ ಎಲ್ಲಿ ತಪ್ಪಿದ ಅಂತ ಬರೆದು ಮಡಚಿಟ್ಟು, ಮುಂದಿನದನ್ನು ನೋಡಿ. ಚೀಟಿಗಳನ್ನು ಕೊನೆಯಲ್ಲಿ ಬಿಚ್ಚಿ. ಯಾರು ಗೆದ್ದಿರಿ ಅಂತ ನನಗೂ ಬರೆಯಿರಿ.